ಕಪ್ಪತಗುಡ್ಡದಲ್ಲಿ ನಾಲ್ಕನೇ ಸೆಟ್

ಟಕ್.

ನಡೆಯುತ್ತಿದ್ದ ನೇತ್ರಾ ಗಕ್ಕನೆ ನಿಂತಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ವಾಕಿಟಾಕಿಯಿಂದ ಬಂದ ಸದ್ದು ಅದು. ಯಾರೋ ಗುಂಡಿ ಒತ್ತಿ ಬಿಟ್ಟಿದ್ದರು.

ಟಕ್. ಟಕ್.

ಮಾತು ಬರಬಹುದೆಂದು ಕಾದಳು. ಬರಲಿಲ್ಲ. ಮೋಡ ಗುಡ್ಡದ ಮೈಗೆ ಇಳಿದಿತ್ತು. ಎದುರಿನ ದಿಣ್ಣೆಯ ಗಾಳಿಯಂತ್ರದ ಒಂದು ರೆಕ್ಕೆ ಬಿಳಿ ಮಂಜಿನಿಂದ ಹೊರಬಂದು ಮತ್ತೆ ಒಳಗೆ ಹೋಯಿತು. ಮಧ್ಯಾಹ್ನದ ಹೊತ್ತಾದರೂ ಹತ್ತು ಮಾರು ಆಚೆ ಏನಿದೆಯೆಂದು ಕಾಣುತ್ತಿರಲಿಲ್ಲ.

"ತಿರಕಪ್ಪ ಕಾಕಾ, ನೀವು ಒತ್ತಿದ್ರೇನ್ರಿ?"

ಮುಂದೆ ಹೋಗುತ್ತಿದ್ದ ಕಾವಲುಗಾರ ತಿರಕಪ್ಪ ತಿರುಗಿದ. ಜಿಟಿಜಿಟಿ ಮಳೆಗೆ ಹೆದರಿ ಅವನು ತನ್ನ ಸೆಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲದೊಳಗೆ ಇಟ್ಟಿದ್ದ. "ನಂದು ಬಂದ್ ಐತೆಲ್ಲಬೇ. ಕ್ಯಾಂಪಿನ್ಯಾಗ ಯಾರರ ಒತ್ತಿರಬೇಕು ತಗೋ."

ನೇತ್ರಾ ತನ್ನ ಸೆಟ್ಟನ್ನು ಬಾಯಿಯ ಹತ್ತಿರ ಹಿಡಿದಳು. "ಕ್ಯಾಂಪ್, ಕ್ಯಾಂಪ್, ನಾ ನೇತ್ರಾ. ಈಗ ಯಾರರ ಗುಂಡಿ ಒತ್ತಿದ್ರೇನ್ರಿ?"

ಉತ್ತರ ಕೊಟ್ಟವಳು ಮುಂಡರಗಿ ಠಾಣೆಯ ಪಿಎಸ್‌ಐ ರೋಜಾ ಮೆಣಸಗಿ. ಬೆಳಗಿನಿಂದ ವಿಚಾರಣೆಗೆಂದು ಶಿಬಿರದಲ್ಲೇ ಕುಳಿತಿದ್ದಳು. "ಇಲ್ಲ. ಸೆಟ್ ನನ್ನ ಕಣ್ಣಮುಂದ ಐತಿ. ಯಾರೂ ಮುಟ್ಟಿಲ್ಲ. ಯಾಕ?"

ಈ ಗುಡ್ಡದಲ್ಲಿದ್ದದ್ದು ನಾಲ್ಕೇ ಸೆಟ್ಟು. ಒಂದು ಅವಳ ಕೈಯಲ್ಲಿ. ಇನ್ನೊಂದು ತಿರಕಪ್ಪನ ಚೀಲದಲ್ಲಿ. ಮತ್ತೊಂದು ಶಿಬಿರದಲ್ಲಿ.

ನಾಲ್ಕನೆಯದು ಹೇಮಂತನ ಹತ್ತಿರ ಇತ್ತು. ಗಣಿ ಬಾವಿಯ ಬಳಿ ಕ್ಯಾಮೆರಾ ನೋಡಿಕೊಂಡು ಬರುತ್ತೇನೆಂದು ಸೋಮವಾರ ಹೋದ ಹೇಮಂತ ಇನ್ನೂ ತಿರುಗಿ ಬಂದಿರಲಿಲ್ಲ; ಅವನನ್ನೇ ಹುಡುಕುತ್ತ ಇವರಿಬ್ಬರೂ ಗುಡ್ಡ ಹತ್ತಿದ್ದರು.

ಇವತ್ತು ಶುಕ್ರವಾರ.

"ನೇತ್ರಾ," ಸೆಟ್ಟಿನಲ್ಲಿ ರೋಜಾಳ ದನಿ ಸಣ್ಣದಾಯಿತು. "ಏನೂ ಮಾತಾಡಬ್ಯಾಡ. ಇಳದು ಬಾ. ಓಡಬ್ಯಾಡ, ಆದ್ರ ಎಲ್ಲೂ ನಿಂದ್ರಬ್ಯಾಡ."

ಅವಳು ಇಳಿದಳು. ಒದ್ದೆ ಹುಲ್ಲಿನಲ್ಲಿ ಕಾಲು ಜಾರಿದಾಗಲೆಲ್ಲ ಹಿಂದೆ ಬರುತ್ತಿದ್ದ ತಿರಕಪ್ಪನ ಕೈ ಅವಳ ತೋಳು ಹಿಡಿಯುತ್ತಿತ್ತು. ಮೊನ್ನೆಯವರೆಗೂ ಆ ಕೈ ಆಸರೆಯಾಗಿತ್ತು. ಈಗ ಅದು ತಗುಲಿದರೆ ಮೈ ಜುಂ ಎನ್ನುತ್ತಿತ್ತು. ಯಾರನ್ನು ನಂಬಬೇಕು ಎನ್ನುವುದೇ ತಿಳಿಯದೆ ಈ ವಾರ ಅವಳು ಸರಿಯಾಗಿ ಉಂಡಿರಲಿಲ್ಲ.

ಮಳೆಗಾಲದ ಇಂಟರ್ನ್‌ಶಿಪ್ ಎಂದು ಕತ್ತೆಕಿರುಬಗಳ ಸಮೀಕ್ಷೆಗೆ ಬಂದಿದ್ದ ಉಳಿದ ಹುಡುಗ ಹುಡುಗಿಯರನ್ನು ಬುಧವಾರವೇ ಮನೆಯವರು ಬಂದು ಕರೆದುಕೊಂಡು ಹೋಗಿದ್ದರು. ಸೊರಟೂರಿನಿಂದ ನೇತ್ರಾಳ ಅಪ್ಪನೂ ಬಂದಿದ್ದ. ಅವಳು ಹೋಗಲಿಲ್ಲ. ಹೇಮಂತ ಗದಗಿನ ಕಾಲೇಜಿನಲ್ಲಿ ಅವಳ ಬೆಂಚಿನವನು. ಅವನಿಗೆ ಈ ಇಂಟರ್ನ್‌ಶಿಪ್ಪಿನ ಆಸೆ ಹಚ್ಚಿದವಳೇ ಅವಳು. ಅವನ ತಾಯಿ ಜಾನಕೀಬಾಯಿ ಬೆಟಗೇರಿಯಿಂದ ಬಂದು ಮುಂಡರಗಿ ಠಾಣೆಯ ಬೆಂಚಿನ ಮೇಲೆ ಕುಳಿತವರು ಏಳುತ್ತಿಲ್ಲ ಎಂದು ಕೇಳಿದ ಮೇಲೆ ಊರಿಗೆ ಹೋಗುವ ಮಾತೇ ಬರಲಿಲ್ಲ.

---

ಶಿಬಿರ ಎಂದರೆ ಡೋಣಿಯ ಮೇಲುಭಾಗದಲ್ಲಿ ಅರಣ್ಯದ ಅಂಚಿಗಿದ್ದ ತಗಡಿನ ಮನೆ. ಒಂದು ಪಡಸಾಲೆ, ಎರಡು ಕೋಣೆ, ಹಿಂದೆ ಅಡುಗೆಮನೆ. ನೇತ್ರಾ ಹೊಸ್ತಿಲು ದಾಟುವಾಗ ಶಿಬಿರದ ಮುಖ್ಯಸ್ಥ ಗುರುರಾಜ ಕೈಯಾಡಿಸುತ್ತ ಮಾತನಾಡುತ್ತಿದ್ದ.

"ಮೇಡಂ, ಮಳಿಗೆ ಸೆಟ್ಟಿನ್ಯಾಗ ಇಂಥಾ ಸಪ್ಪಳ ಬರ್ತಾವರಿ. ಹುಡುಗ ಮನ್ಯಾಗ ಜಗಳಾಡಿಕೊಂಡು ಬಂದಿದ್ದ. ಎಲ್ಲೋ ಹುಬ್ಬಳ್ಳಿಗೋ ಪುಣೆಗೋ ಹೋಗ್ಯಾನ. ನಾಲ್ಕ ದಿನಾ ಬಿಟ್ಟು ತಾನೇ ಬರ್ತಾನ."

"ಮೋಡ ಸಪ್ಪಳ ಮಾಡಿದ್ರ ಕರಕರ ಅಂತೈತ್ರಿ, ಟಕ್ ಟಕ್ ಅನ್ನೂದಿಲ್ಲ," ಎಂದಳು ರೋಜಾ. "ಗುರುರಾಜ ಅವ್ರ, ಈ ಸೆಟ್ಟಿನ ಬ್ಯಾಟರಿ ಒಮ್ಮೆ ಚಾರ್ಜ್ ಮಾಡಿದ್ರ ಎಷ್ಟ ದಿನಾ ಬರ್ತೈತಿ?"

"ಒಂದು ದಿನಾ. ಭಾಳಾದ್ರ ಒಂದೂವರಿ."

"ಹಂಗಾರ ಸೋಮವಾರ ಹ್ವಾದ ಸೆಟ್ಟು ಶುಕ್ರವಾರ ಹೆಂಗ ಒದರ್ತು?"

ಗುರುರಾಜ ಚಹಾದ ಲೋಟ ಕೈಗೆತ್ತಿಕೊಂಡ.

ರೋಜಾ ಅಡುಗೆಮನೆಗೆ ನಡೆದಳು. ಕಿಟಕಿಯ ಕಟ್ಟೆಯ ಮೇಲೆ ಸೆಟ್ಟುಗಳನ್ನು ಚಾರ್ಜಿಗೆ ಇಡುವ ಕಪ್ಪು ಪೆಟ್ಟಿಗೆ ಇತ್ತು. ಶಿಬಿರದ ಸೆಟ್ಟು ಅದರಲ್ಲೇ ಕುಳಿತಿತ್ತು. ಪಕ್ಕದ ತೂತುಗಳಲ್ಲಿ ಬಿಡಿ ಬ್ಯಾಟರಿಗಳು. ಯಾರ ಸೆಟ್ಟಿನದು ಯಾವುದೆಂದು ತಿಳಿಯಲು ಒಂದೊಂದಕ್ಕೆ ಒಂದೊಂದು ಬಣ್ಣದ ಟೇಪು ಸುತ್ತಿದ್ದರು.

"ನೇತ್ರಾ, ನಿಂದು ಯಾವ ಬಣ್ಣ?"

"ಕೆಂಪು ರೀ. ಕಾಕಾಂದು ಹಸರು."

"ಹೇಮಂತಂದು?"

ನೇತ್ರಾಳ ಕಣ್ಣು ಪೆಟ್ಟಿಗೆಯ ಕೊನೆಯ ತೂತಿನ ಮೇಲೆ ನಿಂತಿತ್ತು. ಅಲ್ಲಿ ಹಳದಿ ಟೇಪಿನ ಬ್ಯಾಟರಿ ಇತ್ತು. ಅದರ ಸಂದಿಯಲ್ಲಿ ಇನ್ನೂ ಹಸಿ ಕೆಂಪುಮಣ್ಣು ಮೆತ್ತಿಕೊಂಡಿತ್ತು.

"ಅದ... ಅದ ಅವಂದು," ಎಂದಳು.

"ಅಂದ್ರ ಈ ಮನ್ಯಾಗಿನವರ ಯಾರೋ ಅವನ ಸೆಟ್ಟಿಂದ ಇದನ್ನ ತಗದು, ತುಂಬಿದ ಬ್ಯಾಟರಿ ಒಯ್ದು ಹಾಕ್ಯಾರ." ರೋಜಾ ಸುತ್ತ ನೋಡಿದಳು. ಬಾಗಿಲಲ್ಲಿ ಚಹಾದ ಲೋಟ ಹಿಡಿದು ಗುರುರಾಜ ನಿಂತಿದ್ದ. ತಿರಕಪ್ಪ ಬಂದು ತನ್ನ ಸೆಟ್ಟನ್ನು ಪೆಟ್ಟಿಗೆಗೆ ಸಿಕ್ಕಿಸಿ, ಕೊಡದ ನೀರು ಕುಡಿದು ಹಿಂದಕ್ಕೆ ಸರಿದ. ಒಲೆಯ ಮುಂದೆ ಅಡುಗೆಯ ಶಂಕ್ರೆವ್ವ ರೊಟ್ಟಿ ಬಡಿಯುತ್ತಿದ್ದಳು.

ಬಡಿಯುತ್ತಿದ್ದ ಕೈ ನಿಂತಿತ್ತು.

"ಗಂಡಸ್ರು ಹೊರಗ ನಡೀರಿ," ಎಂದಳು ರೋಜಾ.

ಇಬ್ಬರೂ ಹೋದರು. ರೋಜಾ ಒಂದು ಮಣೆ ಎಳೆದುಕೊಂಡು ಶಂಕ್ರೆವ್ವನ ಎದುರು ಕುಳಿತಳು.

"ಶಂಕ್ರೆವ್ವಾರ, ಈಗ ಊಟಕ್ಕ ಎಷ್ಟ ಮಂದಿ?"

"ನಾ, ಈ ಹುಡುಗಿ, ಸಾಹೇಬ್ರು, ತಿರಕಪ್ಪ. ನಿಮ್ಮವ್ರು ಆಗೊಮ್ಮೆ ಈಗೊಮ್ಮೆ."

"ಬುಟ್ಟಿ ತುಂಬ ರೊಟ್ಟಿ ಬಡದೀರಿ. ಮ್ಯಾಲೆ ಶೇಂಗಾ ಹಿಂಡಿ ಕಟ್ಟಿಟ್ಟೀರಿ. ಅದು ಯಾರಿಗೆ?"

"ಮಳಿಗಾಲ ಅಲ್ಲೇನ್ರಿ, ಹಸಿವು ಜಾಸ್ತಿ..." ಶಂಕ್ರೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಮುಖದ ಮೇಲೆ ಹಿಟ್ಟು ಮೆತ್ತಿತು.

"ಈಗ ಸ್ವಲ್ಪ ಹೊತ್ತಿನ ಮುಂದ ಆ ಸೆಟ್ಟು ಮೂರು ಸಲ ಟಕ್ ಅಂತು. ನೀವೂ ಇಲ್ಲೇ ಇದ್ರಿ. ಕೇಳಿದ ಕೂಡಲೆ ನಿಮ್ಮ ಕೈಯಾಗಿನ ಹಿಟ್ಟು ಕೆಳಗ ಬಿತ್ತು. ನಾ ನೋಡೀನಿ. ಮೂರು ಸಲ ಅಂದ್ರ ಏನರ್ಥ?"

ಶಂಕ್ರೆವ್ವ ರೋಜಾಳನ್ನು ನೋಡಿದಳು. ಆಮೇಲೆ ನೇತ್ರಾಳನ್ನು ನೋಡಿದಳು. ಆ ನೋಟದಲ್ಲಿ ನೇತ್ರಾ ಎಂದೂ ಕಾಣದ ಒಂದು ಹೆದರಿಕೆ ಇತ್ತು. ದಿನಾ ನೇತ್ರಾಳ ತಲೆ ಬಾಚಿ ಜಡೆ ಹಾಕುತ್ತಿದ್ದ ಹೆಂಗಸು ಅವಳು.

"ಈ ಹುಡುಗಿ ಮುಂದ ಹೇಳಂಗಿಲ್ರಿ," ಎಂದಳು. "ಅಕಿನ್ನ ಹೊರಗ ಕಳಸ್ರಿ."

"ಯಾಕ ಚಿಗವ್ವಾ? ನಾ ಏನ ಮಾಡೀನಿ?" ನೇತ್ರಾಳಿಗೆ ಅಳು ಬಂತು.

"ಹೊರಗ ಹೋಗು, ನೇತ್ರಾ," ಎಂದಳು ರೋಜಾ.

---

ಪಡಸಾಲೆ ಖಾಲಿ ಇತ್ತು. ಅಂಗಳದಲ್ಲೂ ಯಾರೂ ಇರಲಿಲ್ಲ. ತಗಡಿನ ಮೇಲೆ ಮಳೆಯ ಸದ್ದು. ರೋಜಾಳೊಂದಿಗೆ ಬಂದಿದ್ದ ಪೊಲೀಸರೆಲ್ಲ ಅರಣ್ಯದವರ ಜೊತೆ ಗುಡ್ಡದ ಆಚೆ ಬದಿಯಲ್ಲಿ, ಗಣಿ ಬಾವಿಯ ಸುತ್ತ ಹುಡುಕುತ್ತಿದ್ದರು. ಎಷ್ಟೋ ವರ್ಷಗಳ ಹಿಂದೆ ಚಿನ್ನಕ್ಕೆಂದು ತೋಡಿ ಕೈಬಿಟ್ಟ ಆ ಬಾವಿಯ ಪಕ್ಕದ ಗವಿಯಲ್ಲೇ ಕತ್ತೆಕಿರುಬ ಮರಿ ಹಾಕಿತ್ತು.

ನೇತ್ರಾ ಕಟ್ಟೆಯ ಮೇಲೆ ಕುಳಿತಳು. ಗುಡ್ಡದಿಂದ ಇಳಿಯುವಾಗ ತಗ್ಗಿಸಿದ್ದ ಸೆಟ್ಟಿನ ದನಿಯನ್ನು ಏರಿಸಿದಳು. ಮತ್ತೆ ಆ ಟಕ್ ಟಕ್ ಬಂದರೆ ಕೇಳಬೇಕಲ್ಲ.

ಸೆಟ್ಟಿನೊಳಗಿಂದ ಒಬ್ಬ ಹೆಂಗಸು ಅತ್ತಳು.

ನೇತ್ರಾ ಬೆಚ್ಚಿ ಸೆಟ್ಟನ್ನು ಕೈಬಿಟ್ಟಳು. ಅದು ತೊಡೆಯ ಮೇಲೆ ಬಿದ್ದು ಮಾತಾಡತೊಡಗಿತು. ಶಂಕ್ರೆವ್ವನ ದನಿ.

"...ಮಂಗಳವಾರ ನಸಕಿನ್ಯಾಗ ಕಟಗಿ ತರಾಕ ಹಿತ್ತಲಕ್ಕ ಹ್ವಾದ್ರ ತೆವಳಿಕೋತ ಬಂದು ಬಿದ್ದಿದ್ದರಿ. ಕಾಲು ಬಾತು ಹಿಂಗಾಗಿತ್ತು. ಯವ್ವಾ, ನನ್ನ ಗಣಿ ಬಾವಿಗೆ ದೂಕ್ಯಾರ, ನಾ ಬದುಕೀನಂತ ಯಾರಿಗೂ ಹೇಳಬ್ಯಾಡ ಅಂದ. ನಾನ ಹೊತಗೊಂಡು ಹೋಗಿ ಮ್ಯಾಲಿನ ಕುರಿದೊಡ್ಡ್ಯಾಗ ಇಟ್ಟೀನ್ರಿ, ಆ ಎರಡು ಬಂಡೆಗಲ್ಲ ನಡುವಿನ ಹಾಳು ದೊಡ್ಡಿ. ಬ್ಯಾಟರಿನೂ ನಾನ ಒಯ್ದು ಕೊಟ್ಟೀನಿ. ಯಾರರ ಹತ್ರ ಬಂದ್ರ ಮೂರು ಸಲ ಒತ್ತತೀನಿ ಅಂದಿದ್ದ..."

ಹೇಮಂತ ಬದುಕಿದ್ದಾನೆ!

ಸಂತೋಷ ಎದೆಗೆ ಏರುವ ಮೊದಲೇ ನೇತ್ರಾಳಿಗೆ ಇನ್ನೊಂದು ವಿಚಾರ ಬಂತು. ಅಡುಗೆಮನೆಯ ಮಾತು ತನ್ನ ಸೆಟ್ಟಿನಲ್ಲಿ ಬರುತ್ತಿದೆ. ಹಾಗಾದರೆ ಸೆಟ್ಟು ಇದ್ದವರಿಗೆಲ್ಲ ಇದು ಕೇಳುತ್ತಿದೆ. ಹಾಳು ದೊಡ್ಡಿ, ಎರಡು ಬಂಡೆ, ಎಲ್ಲವೂ.

ಅವಳು ಒಳಗೆ ಓಡಿದಳು.

"...ನೇತ್ರಾಗ ಮಾತ್ರ..." ಎನ್ನುತ್ತಿತ್ತು ಸೆಟ್ಟು. ಅವಳು ಅಡುಗೆಮನೆಯ ಹತ್ತಿರವಾಗುತ್ತಲೇ ಅದು ಕುಂಯ್ಯೆಂದು ಕಿವಿ ಹರಿಯುವಂತೆ ಚೀರಿತು. ಮುಂದಿನ ಮಾತು ಆ ಚೀರಾಟದಲ್ಲಿ ಮುಳುಗಿಹೋಯಿತು.

"ಮೇಡಂ, ಸೆಟ್ಟು! ಎಲ್ಲಾ ಹೊರಗ ಕೇಳಾಕತ್ತೈತ್ರಿ!"

ರೋಜಾ ಒಂದೇ ನೆಗೆತಕ್ಕೆ ಕಿಟಕಿಯ ಬಳಿ ಹೋದಳು. ಶಿಬಿರದ ಸೆಟ್ಟಿನ ನೆತ್ತಿಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಮಾತಾಡುವ ಗುಂಡಿಯನ್ನು ಒಳಕ್ಕೆ ಒತ್ತಿ, ಅದು ಮೇಲೇಳದಂತೆ ಸಂದಿಗೆ ಮುರಿದ ಬೆಂಕಿಕಡ್ಡಿ ತುರುಕಿದ್ದರು.

ಅವಳು ಕಡ್ಡಿ ಕಿತ್ತು ಹಾಕಿದಳು. ದೀಪ ಆರಿತು.

ಕಿಟಕಿ ತೆರೆದಿತ್ತು; ಪಕ್ಕದಲ್ಲಿ ತಿರಕಪ್ಪ ಈಗಷ್ಟೇ ಇಟ್ಟುಹೋಗಿದ್ದ ಸೆಟ್ಟು ಇರಲಿಲ್ಲ.

"ತಿರಕಪ್ಪ! ಗುರುರಾಜ!" ರೋಜಾ ಅಂಗಳಕ್ಕೆ ಹೋಗಿ ಕೂಗಿದಳು. ಯಾರೂ ಓಗೊಡಲಿಲ್ಲ. ಶಿಬಿರದ ಜೀಪು ನಿಂತಲ್ಲೇ ನಿಂತಿತ್ತು. ಕಟ್ಟೆಯ ಮೇಲೆ ಗುರುರಾಜ ಅರ್ಧ ಕುಡಿದಿಟ್ಟ ಚಹಾದ ಲೋಟದೊಳಗೆ ಮಳೆಹನಿ ಬೀಳುತ್ತಿತ್ತು. ತಿರಕಪ್ಪನ ಕೊಡೆ ಗೂಟದಲ್ಲಿ ಇರಲಿಲ್ಲ.

ಇಬ್ಬರೂ ಹೋಗಿದ್ದಾರೆ. ಅಥವಾ ಒಬ್ಬ ಹೋಗಿದ್ದಾನೆ, ಇನ್ನೊಬ್ಬ ಅವನ ಬೆನ್ನು ಹತ್ತಿದ್ದಾನೆ.

"ಶಂಕ್ರೆವ್ವಾರ, ಒಳಗ ಅಗಳಿ ಹಾಕ್ಕೊಂಡು ಕುಂಡ್ರಿ. ನಾ ಬಂದು ಕರಿಯೂತನಾ ತಗೀಬ್ಯಾಡ್ರಿ." ಶಿಬಿರದ ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿ, ನೇತ್ರಾಳ ಸೆಟ್ಟನ್ನು ಬಂದ್ ಮಾಡಿಸಿ, ರೋಜಾ ನೇತ್ರಾಳ ಮಣಿಕಟ್ಟು ಹಿಡಿದಳು. "ನೀ ನನ್ನ ಸಂಗಾಟ ಬಾ. ದೊಡ್ಡಿ ಹಾದಿ ತೋರಸು."

---

ಹಾದಿ ಕಡಿದಾಗಿತ್ತು. ರೋಜಾ ಒಂದು ಕೈಯಲ್ಲಿ ರಿವಾಲ್ವರ್ ಹಿಡಿದಿದ್ದಳು. ಇನ್ನೊಂದು ಕೈ ನೇತ್ರಾಳ ಮಣಿಕಟ್ಟು ಬಿಡಲಿಲ್ಲ. ಅಕ್ಕ ತಂಗಿಯನ್ನು ಹಿಡಿದುಕೊಂಡ ಹಾಗೆ ಅನ್ನಿಸಿ ನೇತ್ರಾಳಿಗೆ ಅಷ್ಟು ಹೆದರಿಕೆಯಲ್ಲೂ ಸ್ವಲ್ಪ ಧೈರ್ಯ ಬಂತು.

"ಸೋಮವಾರ ನೀ ಎಲ್ಲಿದ್ದಿ?" ನಡುವೆ ಒಮ್ಮೆ ರೋಜಾ ಕೇಳಿದಳು.

"ಊರಾಗ ರೀ. ಸೊರಟೂರಾಗ. ಅವತ್ತೇ ಹೇಳಿದ್ನೆಲ್ರಿ."

"ನೋಡಿದವ್ರು?"

"ನಮ್ಮ ಅವ್ವ."

ರೋಜಾ ಹಾದಿಯ ಕಡೆ ತಿರುಗಿ ಇನ್ನೂ ಜೋರಾಗಿ ಹೆಜ್ಜೆ ಹಾಕಿದಳು.

ಮೋಡದೊಳಗಿಂದ ಎರಡು ದೊಡ್ಡ ಬಂಡೆಗಳು ಕಂಡವು. ನಡುವೆ ಕಲ್ಲು ಒಟ್ಟಿದ ಹಾಳು ದೊಡ್ಡಿ. ಬಾಯಿಗೆ ಅಡ್ಡ ಇಟ್ಟಿದ್ದ ಮುಳ್ಳನ್ನು ಯಾರೋ ಎಳೆದು ದೂರ ಎಸೆದಿದ್ದರು. ಶಂಕ್ರೆವ್ವನ ಕಂಬಳಿ ಕೆಸರಿನಲ್ಲಿ ಬಿದ್ದಿತ್ತು. ನೀರಿನ ಮಗಿ ಒಡೆದು ಚೂರಾಗಿತ್ತು.

ಒಳಗೆ ಯಾರೂ ಇರಲಿಲ್ಲ.

ರೋಜಾ ಬಾಗಿ ನೆಲ ನೋಡಿದಳು. ಕೆಸರಿನಲ್ಲಿ ಬೂಟಿನ ಗುರುತು ಆಳವಾಗಿ ಮೂಡಿತ್ತು. "ಈಗ ಬಂದು ಹ್ವಾದವ್ರು," ಎಂದು ಪಿಸುಗುಟ್ಟಿದಳು. "ಹೆಜ್ಜ್ಯಾಗ ಇನ್ನೂ ನೀರು ತುಂಬಿಲ್ಲ."

ನೇತ್ರಾ ಬಾಯಿಗೆ ಕೈ ಅಡ್ಡ ಹಿಡಿದಳು. ಹುಲ್ಲಿನಲ್ಲಿ ಗಾಳಿ ಸುಯ್ಯೆಂದಿತು. ಯಾವುದು ಗಾಳಿ, ಯಾವುದು ಮನುಷ್ಯರ ಹೆಜ್ಜೆ ಎಂದು ಗೊತ್ತಾಗದೆ ಅವಳು ಎಲ್ಲ ಕಡೆಗೂ ತಿರುಗಿ ತಿರುಗಿ ನೋಡಿದಳು.

"ಹೇಮಂತ!" ರೋಜಾ ಸಣ್ಣದಾಗಿ ಕರೆದಳು. "ನಾ ಮುಂಡರಗಿ ಪೊಲೀಸ್. ನಿಮ್ಮ ತಾಯಿ ಜಾನಕೀಬಾಯಿ ನಮ್ಮ ಠಾಣ್ಯಾಗ ಕುಂತಾರ. ಇದ್ರ ಹೊರಗ ಬಾ."

ಸ್ವಲ್ಪ ಹೊತ್ತಿನ ಮೇಲೆ ಬಲಗಡೆಯ ಬಂಡೆಯ ಬುಡದಲ್ಲಿ, ಒಬ್ಬ ಮನುಷ್ಯ ತೂರಲಾರ ಎನ್ನುವಂಥ ಬಿರುಕಿನಲ್ಲಿ, ಒಂದು ಕಲ್ಲು ಸರಿಯಿತು. ಮಣ್ಣು ಹತ್ತಿದ ಕೈ ಬಂತು. ಗಡ್ಡ ಬೆಳೆದ ಮುಖ ಬಂತು. ಕೈಯಲ್ಲಿ ಸೆಟ್ಟು.

"ಹೇಮಂತಾ!" ನೇತ್ರಾ ಮುಂದಕ್ಕೆ ಧಾವಿಸಿದಳು. ರೋಜಾಳ ಹಿಡಿತ ಅವಳನ್ನು ಹಿಂದಕ್ಕೆ ಎಳೆಯಿತು.

ಹೇಮಂತ ಅವಳನ್ನು ಕಂಡ. ಕಂಡವನೇ ಬೆನ್ನನ್ನು ಬಂಡೆಗೆ ಒತ್ತಿಕೊಂಡು, ಪಕ್ಕದ ಕಲ್ಲೊಂದನ್ನು ಎತ್ತಿ ಹಿಡಿದ.

"ಇಕಿನ್ನ ಯಾಕ ಕರಕೊಂಡು ಬಂದ್ರಿ?" ಎಂದ. "ಶಂಕ್ರೆವ್ವಗ ನಾ ಅಷ್ಟು ಹೇಳಿದ್ದೆ. ನನ್ನ ಬಾವಿಗೆ ದೂಕಿದಾಕಿ ಇಕಿನೇ ರೀ!"

"ಹೇಮಂತಾ, ನಾ... ನಾ ಊರಾಗ ಇದ್ದೆ..."

"ಸುಳ್ಳು! ನಾ ಬಿದ್ದಲ್ಲಿಂದ ಮ್ಯಾಲೆ ನೋಡೀನಿ. ತಲಿ ಮುಚ್ಚಿದ ರೇನ್‌ಕೋಟು. ತಿರುಗಿ ಹೋಗುವಾಗ ಬೆನ್ನ ಮ್ಯಾಲೆ ನಿನ್ನ ಹೆಸರಿತ್ತು. ಇವತ್ತು ಮಧ್ಯಾಹ್ನ ನೀ ಈ ಕಡೆ ಬರೂದು ಕಂಡೇ ನಾ ಸೆಟ್ ಒತ್ತಿದ್ದು."

"ರೇನ್‌ಕೋಟು ನಾ ಕ್ಯಾಂಪಿನ್ಯಾಗ ಬಿಟ್ಟ ಹೋಗಿದ್ದೆ! ಊರಿಗೆ ಹೋಗುವಾಗ ಗೂಟಕ್ಕ ಹಾಕಿ ಹೋಗಿದ್ದೆ!" ಅವಳು ರೋಜಾಳ ಕಡೆ ತಿರುಗಿದಳು. "ಮೇಡಂ, ನೀವರ ಹೇಳ್ರಿ..."

ರೋಜಾಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

ಆಗ ನೇತ್ರಾಳಿಗೆ ತಿಳಿಯಿತು. ಸೆಟ್ಟಿನ ಚೀರಾಟದಲ್ಲಿ ಮುಳುಗಿಹೋದ ಶಂಕ್ರೆವ್ವನ ಮಾತು ಏನಿತ್ತು ಎಂದು. ದಾರಿಯುದ್ದಕ್ಕೂ ಈ ಕೈ ತನ್ನ ಮಣಿಕಟ್ಟನ್ನು ಯಾಕೆ ಬಿಡಲಿಲ್ಲ ಎಂದು.

"ಇನ್ನೂ ಏನೇನು ಗೊತ್ತು, ಹೇಳು ಹೇಮಂತ," ಎಂದಳು ರೋಜಾ.

"ದನಿ ರೀ. ರೇನ್‌ಕೋಟು ಯಾರರ ಹಾಕ್ಕೋತಾರ. ದನಿ ಎಲ್ಲಿಂದ ತರ್ತಾರ? ಸೋಮವಾರ ಇಕಿನೇ ಸೆಟ್ಟಿನ್ಯಾಗ ನನ್ನ ಬಾವಿ ಹತ್ರ ಕರದಾಕಿ." ಅವನ ಕಣ್ಣಿನಿಂದ ನೀರು ಇಳಿದು ಗಡ್ಡದ ಮಣ್ಣಿಗೆ ಸೇರಿತು. "ಊರಿಂದ ಜಲ್ದಿ ಬಂದಾಳ ಅಂತ ಖುಷಿಲೆ, ಕ್ಯಾಂಪಿನ್ಯಾಗ ಕ್ಯಾಮೆರಾ ನೋಡಿ ಬರ್ತೀನಂತ ಹೇಳಿ ಹೋದೆ. ಅಲ್ಲಿ ನೋಡಿದ್ರ ಬಾವಿ ಬಾಯಿಗೆ ಹೊಸಾ ಹಗ್ಗ, ಕಲ್ಲು ತುಂಬಿದ ಚೀಲ. ಯಾರೋ ಕದ್ದು ಗಣಿ ತೋಡ್ಲಿಕ್ಕೆ ಹತ್ಯಾರ. ಬಗ್ಗಿ ನೋಡೂದ್ರಾಗ ಹಿಂದಿಂದ ದೂಕಿದ್ರು. ರಾತ್ರಿ ಅದ ಹಗ್ಗಾ ಹಿಡಕೊಂಡು ಮ್ಯಾಲೆ ಬಂದೆ."

"ಏನಂತ ಕರದ್ಲು? ಮಾತು ನೆನಪೈತೇನು?"

"ಹೆಂಗ ಮರೀಲಿ? 'ಹೇಮಂತಾ, ಗಣಿ ಬಾವಿ ಕಡಿಗೆ ಜಲ್ದಿ ಬಾ. ಮರಿ ಹೊರಗ ಬಂದಾವು. ಸಪ್ಪಳ ಮಾಡದ ಬಾ.'"

ನೇತ್ರಾ ಆ ಮಾತನ್ನು ಗುರುತಿಸಿದಳು.

ಆ ಮಾತು ಅವಳದೇ. ಒಂದೊಂದು ಶಬ್ದವೂ ಅವಳದೇ. ಆದರೆ ಸೋಮವಾರದ್ದಲ್ಲ. ಎರಡು ವಾರದ ಹಿಂದೆ, ಕತ್ತೆಕಿರುಬದ ಮರಿಗಳು ಮೊದಲ ಸಲ ಗವಿಯಿಂದ ಹೊರಬಂದ ದಿನ, ಹುಲ್ಲಿನಲ್ಲಿ ಮಲಗಿಕೊಂಡು ಉಸಿರು ಬಿಗಿಹಿಡಿದು ಅವಳು ಸೆಟ್ಟಿನಲ್ಲಿ ಆಡಿದ್ದ ಮಾತು. ಅವತ್ತು ಅದು ಶಿಬಿರದಲ್ಲೂ ಕೇಳಿಸಿತ್ತು. ಯಾರೋ ಅದನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದರು. ಅವತ್ತು ಶಿಬಿರದ ಸೆಟ್ಟಿನ ಮುಂದೆ ಕುಳಿತಿದ್ದವರು ಯಾರು? ಗುರುರಾಜ ಸರ್? ತಿರಕಪ್ಪ ಕಾಕಾ?

"ಮೇಡಂ, ಅದು ಹಳೇ ಮಾತು ರೀ, ಅವತ್ತ ಯಾರೋ ಫೋನಿನ್ಯಾಗ..."

"ಸುಮ್ನಿರು." ಮಣಿಕಟ್ಟಿನ ಹಿಡಿತ ಬಿಗಿಯಾಯಿತು. "ಇದನ್ನೆಲ್ಲ ಠಾಣ್ಯಾಗ ಹೇಳು."

ನೇತ್ರಾಳ ಬಾಯಿ ಮುಚ್ಚಿತು. ಹೇಮಂತ ಕಲ್ಲನ್ನು ಇಳಿಸಲಿಲ್ಲ.

ರೋಜಾಳ ಸೊಂಟದ ಸೆಟ್ಟು ಕರಕರ ಎಂದಿತು.

"ಹೇಮಂತಾ," ಎಂದಿತು ನೇತ್ರಾಳ ದನಿ. "ಗಣಿ ಬಾವಿ ಕಡಿಗೆ ಜಲ್ದಿ ಬಾ. ಮರಿ ಹೊರಗ ಬಂದಾವು..."

ಹೇಮಂತನ ಕೈಯ ಕಲ್ಲು ಜಾರಿ ಬಿತ್ತು. ರೋಜಾ ನಿಧಾನವಾಗಿ ತಲೆ ತಿರುಗಿಸಿ ನೇತ್ರಾಳ ತುಟಿಗಳನ್ನು ನೋಡಿದಳು. ಅವು ಬಿಗಿದುಕೊಂಡಿದ್ದವು. ಮಣಿಕಟ್ಟಿನ ಮೇಲಿನ ಬೆರಳುಗಳು ಒಂದೊಂದಾಗಿ ಸಡಿಲವಾದವು.

"...ಸಪ್ಪಳ ಮಾಡದ ಬಾ," ಎಂದು ಮುಗಿಸಿತು ಸೆಟ್ಟು.

ಅರೆಗಳಿಗೆ ತಡೆದು ಅದೇ ಮಾತು, ಅದೇ ದನಿಯಲ್ಲಿ, ಎಡಗಡೆಯ ಬಂಡೆಯ ಹಿಂದಿನಿಂದಲೂ ಕೇಳಿಸಿತು. ಆ ಮಾತನ್ನು ಹಿಡಿದಿಟ್ಟುಕೊಂಡವರು ಅಲ್ಲೇ ನಿಂತಿದ್ದರು.